ಐದು ಗುಂಡಿಗಳ ಅಂಗಿ

ಇಡೀ ರಗಳೆಗೆ ಕಾರಣ ಐದು ಗುಂಡಿಗಳು. ಶಿಶುವಿಹಾರ ಮುಗಿಸಿ ಒಂದನೇ ಕ್ಲಾಸಿಗೆ ಬರುವ ಮಕ್ಕಳಿಗೆಂದು ಶಾಲೆ ಕಳಿಸಿದ್ದ ಚೀಟಿಯ ಕೊನೆಯಲ್ಲಿ ಹೀಗಿತ್ತು: 'ಮಗು ತನ್ನ ಅಂಗಿಯ ಗುಂಡಿ ತಾನೇ ಹಾಕಿಕೊಳ್ಳಬೇಕು. ಬಾರದಿದ್ದರೆ ಇನ್ನೊಂದು ವರ್ಷ ಶಿಶುವಿಹಾರ.'

ಟೈಲರ್ ಆ ಸಾಲನ್ನು ಹನ್ನೊಂದು ಸಲ ಓದಿದ್ದ. ಬೀದಿಯವರ ಅಂಗಿಗೆಲ್ಲ ಗುಂಡಿ ಹಚ್ಚುವವನ ಮಗಳಿಗೇ ಗುಂಡಿ ಹಾಕಲು ಬಾರದು! ದಿನಾ ಬೆಳಿಗ್ಗೆ ಪುಟ್ಟಿ ಕವಾಯತಿಗೆ ನಿಂತ ಪೊಲೀಸಿನಂತೆ ಎದೆ ಸೆಟೆಸಿ ನಿಲ್ಲುತ್ತಿದ್ದಳು. ಇವನು ಮಂಡಿಯೂರಿ ಮೇಲಿನಿಂದ ಕೆಳಕ್ಕೆ ಒಂದೊಂದೇ ಹಾಕುತ್ತಿದ್ದ.

ಶಾಲೆ ಶುರುವಾಗುವ ದಿನ ಅಂಗಡಿ ಬಾಗಿಲು ತೆಗೆಯುತ್ತಲೇ ಪಕ್ಕದ ಸಲೂನಿನವನು ತಲೆ ಹಾಕಿದ.

"ಏನಣ್ಣಾ, ಮುಖ ಇಸ್ತ್ರಿ ಕಾಣದ ಪ್ಯಾಂಟಿನ ಹಾಗಿದೆ?"

ವಿಷಯ ತಿಳಿದು ನಾಲಿಗೆ ಕಚ್ಚಿಕೊಂಡ. "ನಮ್ಮ ಭಾವಮೈದುನನ ಮಗನ್ನ ಹಿಂಗೇ ವಾಪಸ್ ಕಳಿಸಿದ್ರು. ಈಗ ಶಿಶುವಿಹಾರದಲ್ಲಿ ಅವನೇ ಎಲ್ರಿಗಿಂತ ಎತ್ತರ!"

ಎದುರುಮನೆಯ ನಿವೃತ್ತ ಗುಮಾಸ್ತರು ಸುಮ್ಮನಿರುತ್ತಾರೆಯೇ? "ಹೆಡ್ ಮಿಸ್ ತಮ್ಮೆದುರಿಗೇ ಹಾಕಿಸ್ತಾರಂತೆ ಕಣಯ್ಯಾ. ಗಡಿಯಾರ ನೋಡ್ಕೊಂಡು."

ಟೈಲರ್ ಗೋಡೆ ಗಡಿಯಾರ ನೋಡಿದ. ಗಂಟೆ ಎಂಟು, ಶಾಲೆ ಒಂಬತ್ತಕ್ಕೆ. ಪುಟ್ಟಿಯ ಹೊಸ ಯೂನಿಫಾರಂ ಎಳೆದುಕೊಂಡು, ಗುಂಡಿ ತೂರುವ ಕಾಜಗಳನ್ನೆಲ್ಲ ಹೊಲಿದು ಮುಚ್ಚಿದ. ಮೇಲೆ ಐದು ಗುಂಡಿಗಳನ್ನು ಬರೀ ಶೋಕಿಗೆ ಕೂರಿಸಿದ. ಒಳಗೆ ಯಾರಿಗೂ ಕಾಣದಂತೆ ಐದು ಟಿಚ್ ಬಟನ್. ಒತ್ತಿದರೆ ಟಿಕ್, ಎಳೆದರೆ ಟಕ್.

"ಇದು ನಮ್ಮಿಬ್ಬರ ಗುಟ್ಟು ಪುಟ್ಟಿ, ಯಾರಿಗೂ ಹೇಳ್ಬೇಡ."

"ಆಯ್ತಪ್ಪಾ," ಎಂದು ಅವಳು ಟಿಕ್ ಟಿಕ್ ಎನಿಸಿಕೊಂಡು ಹೊರಟಳು.

ಹತ್ತೂವರೆಗೆ ಶಾಲೆಯ ಆಯಾ ಏದುಸಿರು ಬಿಡುತ್ತಾ ಬಂದಳು. "ಹೆಡ್ ಮಿಸ್ ಕರೀತಿದಾರೆ. ಈಗ್ಲೇ ಬರ್ಬೇಕಂತೆ."

"ಯಾಕಮ್ಮಾ?"

"ಏನೋ ಗುಂಡಿ ವಿಷಯ."

ಸಲೂನಿನವನು ಅರ್ಧ ಗಡ್ಡದ ಗಿರಾಕಿಯನ್ನು ಬಿಟ್ಟು ಓಡಿಬಂದ. "ಧೈರ್ಯ ಅಣ್ಣಾ! ಒಂದು ವರ್ಷ ಅನ್ನೋದು ಚಿಟಿಕೆ ಹೊಡೆಯೋದ್ರೊಳಗೆ ಹೋಗುತ್ತೆ."

ಕೊರಳಲ್ಲಿ ಅಳತೆ ಟೇಪು ತೂಗಾಡುತ್ತಿದ್ದಂತೆಯೇ ಟೈಲರ್ ಓಡಿದ. ಹೆಡ್ ಮಿಸ್ ಬಾಯಿ ತೆರೆಯುವ ಮೊದಲೇ ಕೈ ಮುಗಿದು ಎಲ್ಲವನ್ನೂ ಕಕ್ಕಿಬಿಟ್ಟ. "ತಪ್ಪು ನಂದು ಮೇಡಂ. ಗುಂಡಿ ಸುಳ್ಳು, ಟಿಚ್ ಬಟನ್ ನಿಜ. ಮಗೂನ ಮಾತ್ರ ವಾಪಸ್ ಕಳಿಸ್ಬೇಡಿ."

ಅವರು ಕನ್ನಡಕ ತೆಗೆದು ಅವನನ್ನೇ ನೋಡಿದರು. "ಇದು ನಂಗೆ ಗೊತ್ತೇ ಇರ್ಲಿಲ್ವಲ್ಲ! ನಾನು ಥ್ಯಾಂಕ್ಸ್ ಹೇಳೋಣ ಅಂತ ಕರೆಸಿದ್ದು. ಆಟದ ಪೀರಿಯಡ್ ಮುಗಿದ ಮೇಲೆ ಇಪ್ಪತ್ತಾರು ಮಕ್ಕಳು ಸೆಕೆ ಅಂತ ಅಂಗಿ ಬಿಚ್ಕೊಂಡು, ಮತ್ತೆ ಗುಂಡಿ ಹಾಕೋಕೆ ಬಾರ್ದೆ ಅಳ್ತಾ ನಿಂತಿದ್ರು. ಮಿಸ್ ಒಬ್ರೇ. ನಿಮ್ಮ ಮಗಳು ಸಾಲಾಗಿ ನಿಲ್ಲಿಸಿ ಎಲ್ರಿಗೂ ಗುಂಡಿ ಹಾಕಿದ್ಲು. ಇಪ್ಪತ್ತೇ ನಿಮಿಷ!"

ಟೈಲರ್ ಬೆಪ್ಪಾದ. ಬಾಗಿಲಲ್ಲಿ ಪುಟ್ಟಿ ನಿಂತಿದ್ದಳು.

"ನಿಂಗೆ ಬರುತ್ತಾ?"

"ಅಂಗಡೀಲಿ ನಿಮ್ಮನ್ನ ನೋಡಿ ನೋಡಿ ಯಾವತ್ತೋ ಬಂತಪ್ಪಾ."

"ಮತ್ತೆ ಮನೇಲಿ?"

"ನಿಮಗೆ ಹಾಕೋದು ಅಂದ್ರೆ ಇಷ್ಟ ಅಲ್ವಾ, ಅದಕ್ಕೇ ಬಿಟ್ಟಿದ್ದೆ."

ಟೈಲರನ ಕಣ್ಣು ತುಂಬಿತು. ಮಗಳಿಗೆ, ಮಿಸ್ಸಿಗೆ, ಅಳುತ್ತಾ ನಿಂತಿದ್ದ ಆ ಇಪ್ಪತ್ತಾರು ಮಕ್ಕಳಿಗೂ ಮನಸ್ಸಿನಲ್ಲೇ ನಮಸ್ಕಾರ ಹಾಕಿದ. "ನಿಮ್ಮ ಉಪಕಾರ ಮರೆಯಲ್ಲ ಮೇಡಂ. ಏನು ಹೇಳಿದ್ರೂ ಮಾಡ್ತೀನಿ."

"ಹಾಗಾದ್ರೆ ಒಂದು ಕೆಲಸ," ಎಂದರು ಹೆಡ್ ಮಿಸ್ ಥಟ್ಟನೆ. "ಮುಂದಿನ ವರ್ಷದ ಮಕ್ಕಳಾದ್ರೂ ಕಲಿತು ಬರ್ಲಿ. ನಾಳೆಯಿಂದ ಬೆಳಿಗ್ಗೆ ಅರ್ಧ ಗಂಟೆ ನೀವು ಶಿಶುವಿಹಾರಕ್ಕೆ ಬನ್ನಿ. ಒಂದು ವರ್ಷ. ಗುಂಡಿ ಹಾಕೋದು ಕಲಿಸ್ಬೇಕು, ನೀವು ಹಾಕೋ ಹಾಗಿಲ್ಲ. ಕೈ ಹಿಂದೆ ಕಟ್ಕೊಂಡೇ ನಿಲ್ಬೇಕು."

ಟೈಲರನ ಬೆರಳುಗಳು ಆಗಲೇ ಚಡಪಡಿಸಿದವು. ಪುಟ್ಟಿ ಬಂದು ಆ ಬೆರಳುಗಳನ್ನು ಹಿಡಿದುಕೊಂಡಳು.

"ಅಳ್ಬೇಡಿ ಅಪ್ಪಾ. ಮೊದಲ್ನೇ ದಿನ ಹಂಗೇ ಅನ್ಸುತ್ತೆ. ನಾನು ಗೇಟಿನ ತನಕ ಬಿಟ್ಟು ಬರ್ತೀನಿ."