ಕನ್ನಡಕದವನ ಹಸಿರು ದೀಪ

ಕನ್ನಡಕದವನು ಸಾಯುವುದಕ್ಕೆ ಒಂದು ಮಧ್ಯಾಹ್ನ ಸಾಕಾಯಿತು. ಜಾಲತಾಣದಲ್ಲಿದ್ದ ಅವನ ಖಾತೆ ಸಾಯುವುದಕ್ಕೆ ಒಂದಿಡೀ ಬೇಸಿಗೆ ಬೇಕಾಯಿತು. ಈ ಘನಘೋರ ವಿಳಂಬಕ್ಕೆ ಕಾರಣ ಯಂತ್ರವೂ ಅಲ್ಲ, ಕಂಪನಿಯೂ ಅಲ್ಲ, ಕರಡಿ.

ಕರಡಿ ಅಂದರೆ ಕಾಡಿನದಲ್ಲ. ಮುದ್ರಣಾಲಯದಲ್ಲಿ ಕೆಂಪು ಪೆನ್ನು ಹಿಡಿದು ಕೂರುವ ಮನುಷ್ಯ. ಹೆಸರಿಟ್ಟವನು ಕನ್ನಡಕದಂಗಡಿಯ ಆ ಗೆಳೆಯನೇ. ("ಕರಡು ತಿದ್ದುವವನು ಕರಡಿ. ನೋಡೋದಕ್ಕೂ ಹಾಗೇ ಇದ್ದೀಯ. ಒಂದೇ ಹೆಸರಲ್ಲಿ ಎರಡು ಕೆಲಸ ಮುಗೀತು ಬಿಡು.") ಕಾಲೇಜಿನಿಂದ ಜೊತೆಗಿದ್ದವರು. ದಿನಾ ಸಂಜೆ ಮುದ್ರಣಾಲಯದ ಬಾಗಿಲು ಹಾಕಿದ ಮೇಲೆ ಕರಡಿ ಆ ಅಂಗಡಿಯ ಎತ್ತರದ ಸ್ಟೂಲಿನ ಮೇಲೆ ಕೂತು, ಕಣ್ಣು ಪರೀಕ್ಷೆಯ ಫಲಕದ ಅಕ್ಷರಗಳಿಗೆ ಅರ್ಥವೇ ಇಲ್ಲವಲ್ಲ ಎಂದು ಆಕ್ಷೇಪಿಸುತ್ತಿದ್ದ. ಗೆಳೆಯ ಗಾಜು ಒರೆಸುತ್ತ ನಗುತ್ತಿದ್ದ.

ಆಸ್ಪತ್ರೆಯಲ್ಲಿ ಆ ಗೆಳೆಯ ಒಂದು ಮಾತು ತೆಗೆದುಕೊಂಡ.

"ನನ್ನ ಖಾತೆ ಇದೆಯಲ್ಲ, ಅದನ್ನ ಬೇರುಸಮೇತ ಕಿತ್ತು ಹಾಕು. ಹಳೇದೂ ಹೊಸದೂ ಎಲ್ಲ ಹೋಗಬೇಕು. ಪಾಸ್‌ವರ್ಡು ಹೇಳ್ತೀನಿ. ಆದ್ರೆ ಒಂದು ಸಾಲೂ ಓದಕೂಡದು."

"ಓದಕೂಡದಾ? ನನಗೆ? ಯಾಕೋ?"

"ಓದಿದ್ರೆ ನಿನಗೆ ಬೇಜಾರಾಗುತ್ತೆ. ಆಗ ನಾನು ಸಮಾಧಾನ ಮಾಡೋಕೆ ಇರಲ್ಲ."

ಹೊಟ್ಟೆಪಾಡಿಗೆ ಓದುವವನಿಗೆ ಓದಬೇಡ ಎನ್ನುವುದು ಈಜುವವನಿಗೆ ಒದ್ದೆಯಾಗಬೇಡ ಎಂದ ಹಾಗೆ. ಆದರೂ ಕರಡಿ ಕೈಮೇಲೆ ಕೈಯಿಟ್ಟು ಮಾತು ಕೊಟ್ಟ. ಕೊಟ್ಟ ಮಾತು ತಪ್ಪಿ ಗೊತ್ತಿಲ್ಲದ ಆಸಾಮಿ ಅವನು. ಅದೊಂದೇ ಅವನ ಆಸ್ತಿ ಎಂದು ಹೆಂಡತಿ ಆಗಾಗ ಹೇಳುವುದುಂಟು.

ಅಂತ್ಯಕ್ರಿಯೆ ಮುಗಿದ ವಾರ, ಊಟದ ಮೇಜಿನ ಮೇಲೆ ಕಂಪ್ಯೂಟರ್ ತೆರೆದು ಕೂತ. ಹೆಂಡತಿ ಹಿಂದೆ ನಿಂತಳು. ಅವಳು ದಂತವೈದ್ಯರ ಕ್ಲಿನಿಕ್ಕಿನ ಮುಂದಿನ ಮೇಜಿನವಳು, ಜನರನ್ನು ಕಾಯಿಸುವುದೇ ಅವಳ ಕಸುಬು.

"ಖಾತೆ ಬಿಡಲು ಕಾರಣವೇನು ಅಂತ ಕೇಳ್ತಿದೆ ಕಣೇ."

"ಸತ್ತು ಹೋದ ಅಂತ ಹಾಕಿ."

"ಆ ಕಾರಣ ಇಲ್ಲಿಲ್ಲ. 'ಸಮಯ ವ್ಯರ್ಥವಾಗುತ್ತಿದೆ' ಇದೆ. 'ಇನ್ನೊಂದು ಖಾತೆ ಇದೆ' ಇದೆ. 'ಸ್ವಲ್ಪ ವಿಶ್ರಾಂತಿ ಬೇಕು' ಅಂತಿದೆ."

ಕರಡಿ ಮೂರೂ ಕಾರಣಗಳನ್ನು ಮತ್ತೆ ಮೊದಲಿನಿಂದ ಓದಿದ.

"ವಿಶ್ರಾಂತಿ ಹಾಕಿ," ಎಂದಳು ಹೆಂಡತಿ.

ಹಾಕಿದ. 'ನಿಮ್ಮ ಸ್ನೇಹಿತರು ನಿಮ್ಮನ್ನು ನೆನೆಯುತ್ತಾರೆ, ಖಚಿತವೇ?' ಎಂದು ಯಂತ್ರ ಮತ್ತೆ ಕೇಳಿತು. ಕರಡಿ ಮೂಗೊರೆಸಿಕೊಂಡು ಖಚಿತ ಎಂದ. ಅದರ ಕೆಳಗೆ ಇರುವೆ ಸಾಲಿನಂಥ ಸಣ್ಣಕ್ಷರಗಳಿದ್ದವು. ಕರಡಿಯ ಕನ್ನಡಕದ ನಂಬರು ಬದಲಾಗಿ ಬಹಳ ದಿನವಾಗಿತ್ತು. ಹೊಸದನ್ನು ಮಾಡಿಕೊಡಬೇಕಾದವನು ಯಾರೆಂದು ಬೇರೆ ಹೇಳಬೇಕಾಗಿಲ್ಲ. ಜೀವಮಾನವಿಡೀ ಪುಟದ ಕೆಳಗಿನ ಟಿಪ್ಪಣಿಯನ್ನೂ ಬಿಡದೆ ಓದಿದವನು ಆ ಒಂದು ಸಾಲು ಓದದೆ ಗುಂಡಿ ಒತ್ತಿದ.

ಕರಡು ತಿದ್ದುವವರಲ್ಲಿ ಒಂದು ಕಟ್ಟಳೆಯಿದೆ. ಒಂದು ಸಾಲು ಹೊಡೆದು ಹಾಕಿದರೆ ಅಲ್ಲಿಗೆ ಮುಗಿಯುವುದಿಲ್ಲ. ಮುಂದಿನ ಕರಡು ಬಂದಾಗ ಅದು ನಿಜವಾಗಿ ಹೋಗಿದೆಯೇ ಎಂದು ಕಣ್ಣಾರೆ ನೋಡಬೇಕು. ಹೊಡೆದ ಸಾಲು ಅಚ್ಚಿನಲ್ಲಿ ಮತ್ತೆ ತಲೆಯೆತ್ತಿ ಮಾನ ಕಳೆದದ್ದನ್ನು ಅವನು ಬೇಕಾದಷ್ಟು ಕಂಡಿದ್ದ. ಹಾಗಾಗಿ ಮರುದಿನ ಬೆಳಗ್ಗೆ ಪಾಸ್‌ವರ್ಡು ಹಾಕಿ ನೋಡಿದ.

'ಮರಳಿ ಬಂದಿದ್ದಕ್ಕೆ ಸಂತೋಷ!' ಎಂದಿತು ಯಂತ್ರ. ಗೆಳೆಯನ ಮುಖ ಎಂದಿನಂತೆ ನಗುತ್ತಿತ್ತು.

"ಹೋಗಿಲ್ಲ ಕಣೇ!" ಎಂದ ಕರಡಿ. ಆ ದನಿಯಲ್ಲಿದ್ದದ್ದು ಗಾಬರಿಯೋ ಖುಷಿಯೋ ಹೇಳುವುದು ಕಷ್ಟ. ಮತ್ತೆ ಅಳಿಸಿದ. ಎರಡು ದಿನ ಬಿಟ್ಟು ಮತ್ತೆ ನೋಡಿದ. ಮತ್ತೆ ಸಂತೋಷ. ಹೀಗೆ ಅಳಿಸುವುದು, ನೋಡುವುದು, ಅಳಿಸುವುದು. ಭೀಷ್ಮನೂ ಇಷ್ಟು ದಿನ ಮಲಗಿರಲಿಲ್ಲ ಎಂದು ಹೆಂಡತಿ ಗೊಣಗಿದಳು.

ಒಂದು ಸಂಜೆ ಸತ್ತವನ ಅಕ್ಕನ ಫೋನು ಬಂತು. ಹಲೋ ಅನ್ನುವುದಕ್ಕೂ ಬಿಡಲಿಲ್ಲ.

"ತಮ್ಮ ಹಸಿರಾಗಿದ್ದಾನೆ!"

"ಏನಕ್ಕಾ?"

"ಅವನ ಹೆಸರಿನ ಪಕ್ಕ ಹಸಿರು ದೀಪ ಉರೀತಿದೆ ಕಣೋ! ಈಗ ಇದ್ದಾನೆ ಅಂತ ತೋರಿಸ್ತಿದೆ! ಎದುರಂಗಡಿ ದರ್ಜಿಯೂ ನೋಡಿದನಂತೆ, ಹೊಲಿಗೆ ನಿಲ್ಲಿಸಿ ಮನೆಗೆ ಹೋದ. ನಾನು 'ಊಟ ಆಯ್ತಾ ಮರಿ' ಅಂತ ಕಳಿಸಿದೆ. ಓದಿದ ಗುರುತೂ ಬಂತು!"

ಕರಡಿ ಕಂಪ್ಯೂಟರಿನ ಮುಂದೆ ಕಲ್ಲಾದ. ಒಳಗೆ ಹೋಗಿದ್ದವನು ಅವನೇ, ಆ ಸಂದೇಶ ಅವನೆದುರು ತಾನಾಗಿ ತೆರೆದುಕೊಂಡಿತ್ತು. "ನಾನು ಅಕ್ಕಾ, ನಾನು," ಎಂದು ತೊದಲಿದ.

"ನೀನಾ? ಸರಿ. ನಿನಗಾದ್ರೂ ಊಟ ಆಯ್ತಾ?"

ಫೋನು ಇಟ್ಟ ಮೇಲೆ ಹೆಂಡತಿ ಅವನನ್ನು ಪಕ್ಕಕ್ಕೆ ಸರಿಸಿ ಆ ಇರುವೆ ಸಾಲನ್ನು ಗಟ್ಟಿಯಾಗಿ ಓದಿದಳು. "ಒಂದು ತಿಂಗಳ ನಂತರ ಖಾತೆ ಶಾಶ್ವತವಾಗಿ ಅಳಿಯುತ್ತದೆ. ಅಷ್ಟರೊಳಗೆ ಪ್ರವೇಶಿಸಿದರೆ ಕೋರಿಕೆ ರದ್ದಾಗುತ್ತದೆ. ಕೇಳಿಸ್ತಾ? ಸತ್ತಿದ್ದಾನಾ ಅಂತ ಅಲುಗಾಡಿಸಿ ಅಲುಗಾಡಿಸಿ ನೀವೇ ಎಬ್ಬಿಸ್ತಿದ್ದೀರಿ!"

ಅಲ್ಲಿಗೆ ಬುದ್ಧಿ ಬರಬೇಕಿತ್ತು. ಆದರೆ ಆ ಭಾನುವಾರ ಹೆಂಡತಿ ತರಕಾರಿಗೆ ಹೋದಾಗ ಅವನೊಳಗೆ ಹಳೆಯ ಪ್ರಶ್ನೆ ಕೆರೆಯಿತು. ಓದಬೇಡ ಅಂದದ್ದು ಯಾಕೆ? ಹೇಗೂ ಮತ್ತೆ ಅಳಿಸಬೇಕು. ಒಂದೇ ಒಂದು. ನಡುವಿನ ಯಾವುದಾದರೂ ಎರಡು ಸಾಲು.

'ಇವತ್ತು ಕರಡಿ ಬಸ್‌ ನಿಲ್ದಾಣದ ಫಲಕದಲ್ಲಿದ್ದ ತಪ್ಪು ತಿದ್ದಲು ಬೆಂಚು ಹತ್ತಿದ. ತಿದ್ದಿದ. ಬಸ್ಸು ಹೋಯಿತು.'

ಕೆಳಗೆ ನೂರಾರು ನಗು.

ಮುಂದಿನದನ್ನು ಓದದೇ ಇರಲು ಅವನೇನು ಋಷಿಯೇ? 'ಕರಡಿ ಕಳೆದ ಕನ್ನಡಕ ಹುಡುಕಿಕೊಂಡು ಅಂಗಡಿಗೆ ಬಂದ, ಕನ್ನಡಕ ಹಾಕಿಕೊಂಡು. ನಾನು ಏನೂ ಹೇಳಲಿಲ್ಲ. ಇನ್ನೊಂದು ಮಾರಿದೆ.' ವರ್ಷಗಟ್ಟಲೆ ಇದೇ. ಸ್ವಂತ ಖಾತೆಯಿಲ್ಲದ ಅವನೊಬ್ಬನನ್ನು ಬಿಟ್ಟು ಊರೆಲ್ಲ ಅವನನ್ನು ಧಾರಾವಾಹಿಯ ಹಾಗೆ ಓದಿತ್ತು. ಎದುರಂಗಡಿಯ ದರ್ಜಿ ಅಳತೆ ತೆಗೆಯುವಾಗಲೆಲ್ಲ ಕಿಸಕ್ಕನೆ ನಗುತ್ತಿದ್ದದ್ದು ತನ್ನ ಹೊಟ್ಟೆ ನೋಡಿ ಎಂದು ಕರಡಿ ಎರಡು ಸಲ ಪಥ್ಯ ಮಾಡಿದ್ದ! ಆಮೇಲೆ ಇದು ಬಂತು:

'ಹಾಲು ತರಲು ಹೆಂಡತಿ ಚೀಟಿ ಬರೆದಿಟ್ಟಳು. ಕರಡಿ ಅದಕ್ಕೆ ಕೆಂಪು ಶಾಯಿಯಲ್ಲಿ ಅಲ್ಪವಿರಾಮ ಹಾಕಿ ಅಲ್ಲೇ ಇಟ್ಟು ಹೋದ. ಅಲ್ಪವಿರಾಮ ಬಂತು, ಹಾಲು ಬರಲಿಲ್ಲ.'

ಈ ಸಂಗತಿ ಗೊತ್ತಿದ್ದದ್ದು ಭೂಮಂಡಲದಲ್ಲಿ ಇಬ್ಬರಿಗೆ. ಮೊದಲು ನಕ್ಕವರ ಹೆಸರು ನೋಡಿದ. ಹೆಂಡತಿ. ಅದರ ಹಿಂದಿನದಕ್ಕೆ? ಹೆಂಡತಿ. ಎಲ್ಲದಕ್ಕೂ ಮೊದಲು ಅವಳೇ.

ಅವಳು ಚೀಲ ಕೆಳಗಿಡುವ ಮೊದಲೇ ವಿಚಾರಣೆ ಆರಂಭವಾಯಿತು.

"ಅವನಿಗೆ ಹಾಲಿನ ವಿಷಯ ಹೇಳಿದ್ದು ಯಾರು?"

"ನಾನೇ."

"ಮನೆಯಲ್ಲಿ ಗೂಢಚಾರಿಣಿ!"

"ಯಾರಿಗಾದ್ರೂ ಹೇಳಬೇಕಲ್ಲಾರೀ ನಾನೂ? ನಿಮಗೆ ಹೇಳಿದ್ರೆ ವಾಕ್ಯ ತಿದ್ದುತ್ತೀರಿ. ಅವರು ನಗ್ತಿದ್ರು. ಆಮೇಲೆ ನನಗೂ ಕೋಪ ಹೋಗಿ ನಗು ಬರ್ತಿತ್ತು. ಎಷ್ಟು ಸಲ ಬಚಾವಾಗಿದ್ದೀರಿ ಅಂತ ನಿಮಗೇನು ಗೊತ್ತು?" ಅವಳು ಕುರ್ಚಿ ಎಳೆದು ಕೂತಳು. "ನೀವು ಅಳಿಸಿದಾಗೆಲ್ಲ ಅವು ಕಾಣ್ತಿರಲಿಲ್ಲ. ನೀವು ಪರೀಕ್ಷೆಗೆ ಒಳಗೆ ಹೋದ ದಿನ ಮತ್ತೆ ಬರ್ತಿದ್ವು. ನಾನು ಕ್ಲಿನಿಕ್ಕಲ್ಲಿ ಕೂತು ಒಂದೊಂದೇ ಓದ್ತಿದ್ದೆ. ಕೊನೇದು ಓದಿದ್ರಾ?"

ಓದಿರಲಿಲ್ಲ. ಅವಳೇ ತೋರಿಸಿದಳು. ಆಸ್ಪತ್ರೆಯಿಂದ ಬರೆದದ್ದು.

'ಕರಡಿ ಇವತ್ತೂ ಬಂದಿದ್ದ. ನನ್ನ ರಿಪೋರ್ಟಿನಲ್ಲಿದ್ದ ತಪ್ಪಕ್ಷರಗಳನ್ನೆಲ್ಲ ತಿದ್ದಿ ಹೋದ. ರೋಗ ಹಾಗೇ ಇದೆ. ಆದರೆ ಕಾಗದ ಈಗ ನೋಡಲು ಚೆನ್ನಾಗಿದೆ.'

ಕರಡಿ ಬಹಳ ಹೊತ್ತು ಅದನ್ನೇ ನೋಡಿದ. ತಿದ್ದಲು ಅದರಲ್ಲಿ ಏನೂ ಇರಲಿಲ್ಲ.

"ಅಳಿಸಬೇಡಿ," ಎಂದಳು ಹೆಂಡತಿ ಮೆಲ್ಲಗೆ.

"ಓದಲ್ಲ ಅಂದಿದ್ದೆ, ಓದಿಬಿಟ್ಟೆ. ಅಳಿಸ್ತೀನಿ ಅಂದಿದ್ದೂ ತಪ್ಪಿದ್ರೆ ನನ್ನ ಹತ್ರ ಇನ್ನೇನು ಉಳೀತು?"

ಅವಳು ಕುರ್ಚಿಯನ್ನು ಇನ್ನೂ ಹತ್ತಿರ ಎಳೆದುಕೊಂಡಳು. ಇಬ್ಬರೂ ಒಟ್ಟಿಗೆ ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಒಮ್ಮೆ ಓದಿದರು. ಅವಳು ನಕ್ಕಳು. ಅವನು ಆಕ್ಷೇಪಿಸುತ್ತ ನಕ್ಕ. ಆಮೇಲೆ 'ಸ್ವಲ್ಪ ವಿಶ್ರಾಂತಿ ಬೇಕು' ಒತ್ತಿದ.

ಆ ತಿಂಗಳು ಅವನು ಪಟ್ಟ ಪಾಡು ಪುರಾಣಕ್ಕೆ ಯೋಗ್ಯ. ಕಂಪ್ಯೂಟರಿನತ್ತ ಕೈ ಹೋದಾಗೆಲ್ಲ ಹೆಂಡತಿ ಕ್ಲಿನಿಕ್ಕಿನ ದನಿಯಲ್ಲಿ, "ಕೂತ್ಕೊಳ್ಳಿ, ನಿಮ್ಮ ಸರದಿ ಬಂದಾಗ ಕರೀತೀನಿ," ಎನ್ನುತ್ತಿದ್ದಳು. ಸರದಿ ಬಂತು. ಪಾಸ್‌ವರ್ಡು ಹಾಕಿದ. 'ಇಂಥ ಖಾತೆ ಇಲ್ಲ' ಎಂದಿತು ಯಂತ್ರ. ಇನ್ನೊಮ್ಮೆ ಹಾಕಿದ. ಇಲ್ಲ. ಮೂರನೆಯ ಸಲ ಹಾಕಲು ಹೆಂಡತಿ ಬಿಡಲಿಲ್ಲ, ಹೆಗಲ ಮೇಲೆ ಕೈಯಿಟ್ಟಳು.

ಮಾತು ಉಳಿಯಿತು. ಮರುವಾರ ಅಕ್ಕ ಅಂಗಡಿ ಖಾಲಿ ಮಾಡುವಾಗ ಸಿಕ್ಕ ಒಂದು ಪೆಟ್ಟಿಗೆ ಕಳಿಸಿದಳು. ಮೇಲೆ 'ಕರಡಿ' ಎಂದಿತ್ತು. ಒಳಗೆ ಹೊಸ ನಂಬರಿನ ಕನ್ನಡಕ. ಹಾಕಿಕೊಂಡು ಬಟ್ಟೆ ಅಳತೆಗೆ ಹೋದವನನ್ನು ನೋಡಿ ದರ್ಜಿ ಟೇಪು ಕೆಳಗೆ ಬೀಳುವಷ್ಟು ನಕ್ಕ.

"ಈಗ್ಯಾಕಯ್ಯಾ ನಗ್ತೀಯ? ಎಲ್ಲ ಅಳಿಸಿ ಆಯ್ತಲ್ಲ!"

"ಹಳೇದು ಬಿಡಿ ಸಾರ್. ಅಮ್ಮಾವ್ರು ನಿನ್ನೆಯಿಂದ ಹೊಸದು ಶುರು ಮಾಡಿದ್ದಾರಲ್ಲ!"

ದರ್ಜಿಯ ಫೋನಿನಲ್ಲಿ ನೋಡಿದ. ಹೆಂಡತಿಯ ಖಾತೆಯ ಗೋಡೆಯ ಮೇಲೆ ನೂರಾರು ನಗುಗಳ ನಡುವೆ: 'ಕರಡಿ ಸತ್ತ ಗೆಳೆಯನ ಖಾತೆ ಅಳಿಸಲು ಹೊರಟ. ಗೆಳೆಯ ಹೋದನೇ ಎಂದು ಹೋಗಿ ಹೋಗಿ ನೋಡಿ, ಬೇಸಿಗೆಯಿಡೀ ಅವನನ್ನು ಉಳಿಸಿಕೊಂಡ.'

ಮನೆಗೆ ಬಂದವನು ಜಗಳಕ್ಕೆ ನಿಲ್ಲದೆ ಕಂಪ್ಯೂಟರಿನ ಮುಂದೆ ಕೂತ. ಆಕ್ಷೇಪಣೆ ಬರೆಯಬೇಕಾದರೆ ತನ್ನದೇ ಒಂದು ಖಾತೆ ಬೇಕಂತೆ. ತೆರೆಯತೊಡಗಿದ. ಹೊಸ ಕನ್ನಡಕದಲ್ಲಿ ಸಣ್ಣಕ್ಷರಗಳೆಲ್ಲ ಸ್ಪಷ್ಟವಾಗಿದ್ದವು. ಒಂದನ್ನೂ ಬಿಡದೆ ಓದಿದ.

"ಅಷ್ಟು ಹೊತ್ತು ಏನ್ರೀ ಓದ್ತಿದ್ದೀರಿ?"

"ಅಳಿಸೋದು ಹೇಗೆ ಅಂತ. ನಾನು ಹೋದ ಮೇಲೆ ನೀನು ಒದ್ದಾಡಬಾರದಲ್ಲ."

ಹೆಂಡತಿ ಸರಕ್ಕನೆ ಒಳಗೆ ಹೋದಳು. ಕಣ್ಣೊರೆಸಿಕೊಳ್ಳಲು ಹೋದಳೆಂದು ಅವನ ಎದೆ ತುಂಬಿ ಬಂತು. ಅಷ್ಟರಲ್ಲಿ ತೆರೆದುಕೊಂಡ ಅವನ ಹೊಚ್ಚಹೊಸ ಖಾತೆಯಲ್ಲಿ ಹೆಂಡತಿಯ ಗೋಡೆಯಿಂದ ಮೊಟ್ಟಮೊದಲ ಸುದ್ದಿ ಟಣ್ಣೆಂದಿತು.

'ಕರಡಿ ಇವತ್ತು ಒಳಗೆ ಕಾಲಿಡುವ ಮೊದಲೇ ಹೊರಗೆ ಹೋಗುವ ದಾರಿ ಓದಿಕೊಂಡ.'

ಮೊದಲು ನಕ್ಕವಳು ಅಕ್ಕ.