ಹಿಂದಿಯೆಂದು ಅಳಿಸಿದ ಹಿಂಡಿ

ವಿಜಯಪುರದ ನಮ್ಮ ಬಳಗದವರಿಗೆಲ್ಲ ನಾನು, ಅಂದರೆ ಶ್ರೀಶೈಲ, ದೊಡ್ಡ ಕಂಪ್ಯೂಟರ್ ಪಂಡಿತ. ಯಾಕೆಂದರೆ ನನ್ನ ನೌಕರಿ ಇರುವುದು ಮುಂಬಯಿಯಲ್ಲಿ, ಪವಾಯಿಯ ಐಟಿ ಕಂಪನಿಯಲ್ಲಿ. ಅಲ್ಲಿ ನಾನು ನೋಡಿಕೊಳ್ಳುವುದು ಎ.ಸಿ., ಲಿಫ್ಟು ಮತ್ತು ಕುಡಿಯುವ ನೀರು ಎಂಬ ಸಂಗತಿಯನ್ನು ಊರತನಕ ಮುಟ್ಟಿಸುವ ಗರಜು ನನಗೆ ಬಿದ್ದಿಲ್ಲ. (ನನ್ನ ಹೆಂಡತಿ ನೇತ್ರಾ ಮುಟ್ಟಿಸಿದ್ದಾಳೆ, ಆ ಮಾತು ಬೇರೆ.) ಆದರೂ ಲಿಫ್ಟಿನಲ್ಲಿ ಹತ್ತಿಳಿಯುವ ಹುಡುಗ ಹುಡುಗಿಯರ ಮಾತು ಕಿವಿಗೆ ಬೀಳುತ್ತದಲ್ಲ! ದಿನಾ ಅದೇ ಮಾತು: ಡೇಟಾ ಮೈಗ್ರೇಶನ್. ಹಳೆಯ ಕ್ಲೌಡಿನಿಂದ ಹೊಸ ಕ್ಲೌಡಿಗೆ. ಕೇಳಿ ಕೇಳಿ ನನಗೂ ಸಾಯುವುದರೊಳಗೆ ಒಂದಾದರೂ ಮೈಗ್ರೇಶನ್ ಮಾಡಬೇಕೆಂಬ ಹಂಬಲ ಹುಟ್ಟಿತು.

ಯೋಗ ಕೂಡಿಬಂತು. ನೇತ್ರಾ ಮೊಬೈಲಿನಲ್ಲಿ ಸಕಲವನ್ನೂ ಬರೆದಿಡುವವಳು. ಸೊಸೈಟಿಯ ನೀರಿನ ವೇಳೆ, ಅಕ್ಕನ ಮಗಳ ಬ್ಲೌಸಿನ ಅಳತೆ, ಅಡುಗೆ, ಔಷಧ, ಎಲ್ಲಾ ಕನ್ನಡವೇ, ಆದರೆ ಇಂಗ್ಲಿಷ್ ಅಕ್ಷರದಲ್ಲಿ. ಜಾಗ ತುಂಬಿದೆ, ಇನ್ನು ದುಡ್ಡು ಕೊಡಿ ಎಂದು ಅವಳ ಕ್ಲೌಡಿನವರು ದಿನಾ ಪೀಡಿಸತೊಡಗಿದರು.

"ರೊಕ್ಕ ಯಾಕ ಕೊಡ್ತಿ? ಪುಕ್ಕಟೆ ಕೊಡೋ ಬ್ಯಾರೆ ಕ್ಲೌಡಿಗೆ ನಾ ಸಾಗಸ್ತೀನಿ," ಎಂದೆ.

"ಸುಮ್ನ ಕುಂದರ್ರಿ. ಗೀಜರ್ ರಿಪೇರಿ ಮಾಡ್ತೀನಂತ ಹೋಗಿ ಕೆಳಗಿನ ಮನಿಯವರ ಗ್ವಾಡಿ ತೋಯ್ಸಿದ್ರಿ."

"ಅದು ನೀರಿನ ವಿಷಯ. ಇದು ಕ್ಲೌಡು."

"ಮೋಡದಾಗೇನು ನೀರು ಇರೂದಿಲ್ಲೇನ್ರಿ?"

ಆದರೆ ಆವತ್ತು ಅವಳಿಗೆ ವಾದಿಸಲು ಪುರಸೊತ್ತಿರಲಿಲ್ಲ. ಭಾನುವಾರ ಮಾಟುಂಗದಲ್ಲಿ ಕನ್ನಡ ಮಹಿಳೆಯರ ಮೇಳ. ಅದರಲ್ಲಿ ನೇತ್ರಾಳದೂ ಒಂದು ಟೇಬಲ್ಲು, ಜೀವನದಲ್ಲಿ ಮೊದಲ ಬಾರಿಗೆ. ಮಾರುವುದು ನಮ್ಮ ಕಡೆಯ ಚಟ್ನಿಪುಡಿ: ಶೇಂಗಾಹಿಂಡಿ, ಅಗಸಿಹಿಂಡಿ, ಗುರೆಳ್ಳುಹಿಂಡಿ. ಮೊಬೈಲು ನನ್ನ ಕೈಗಿತ್ತು, ಶೇಂಗಾ ತರಲು ಮುಲುಂಡ್ ಸ್ಟೇಶನ್ ಕಡೆ ಹೋದಳು.

ಮಹಾಸ್ಥಳಾಂತರ ಆರಂಭವಾಯಿತು. ಹೊಸ ಕ್ಲೌಡು ಪುಕ್ಕಟೆ ನಿಜ, ಆದರೆ ನಮ್ಮ ಮುಲುಂಡ್ ಫ್ಲ್ಯಾಟಿನಷ್ಟೇ ಇಕ್ಕಟ್ಟು. ಬೇಡದ್ದನ್ನು ಬಿಟ್ಟೇ ಹೋಗಬೇಕು. ನೋಡುತ್ತ ಹೋದರೆ ಒಂದು ಫೋಲ್ಡರಿನ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ 'ಹಿಂದಿ' ಎಂದಿತ್ತು. ಮಗಳು ಸೋನಾಲಿ ಶಾಲೆ ಮುಗಿಸಿ ಕಾಲೇಜು ಸೇರಿದ್ದಾಳೆ, ಅವಳ ಹಿಂದಿ ಪಾಠ ಇನ್ನು ಯಾಕೆ? ತೆರೆದು ನೋಡದೆಯೇ ಅಳಿಸಿದೆ. 'ಖಂಡಿತವೇ?' ಎಂದು ಕೇಳಿತು. ಮುಂಬಯಿಯಲ್ಲಿ ಕಿಟಕಿ ತೆರೆದರೆ ಹಿಂದಿ ಒಳಗೆ ಬರುತ್ತದೆ, ಅದನ್ನು ಕೂಡಿಡುವ ಹುಚ್ಚ ಯಾರು? ಖಂಡಿತ ಎಂದೆ. ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. (ಮನೆಯ ಕಸದ ಬುಟ್ಟಿಯನ್ನು ಹೀಗೆ ಖಾಲಿ ಮಾಡಿದ ದಾಖಲೆ ಇಲ್ಲ.) ಕೊನೆಗೆ ಹಳೆಯ ಖಾತೆಯನ್ನೇ ಮುಚ್ಚಿ, ಒಂದು ಕಪ್ ಚಹಾ ನಾನೇ ಮಾಡಿಕೊಂಡು ಕುಡಿದೆ.

ನೇತ್ರಾ ಬಂದು ಮೊಬೈಲಿನಲ್ಲಿ ಹುಡುಕಿದಳು. ಮತ್ತೆ ಹುಡುಕಿದಳು.

"ಏನ್ರೀ, ಹಿಂಡಿ ಎಲ್ಲದ?"

"ಹಿಂದಿನಾ? ತಗದ ಒಗದೆ."

"ಹಿಂಡಿ ತಗದ್ರಿ?"

"ಹೌದ. ಸೋನಾಲಿದು ಹಿಂದಿ ಮುಗದದಲ್ಲ?"

"ಸೋನಾಲಿ ಯಾವಾಗ ಹಿಂಡಿ ಮಾಡ್ಯಾಳ್ರಿ?"

ಆ ಗಳಿಗೆಯಲ್ಲಿ ನನ್ನ ತಲೆಯೊಳಗೆ ದೀಪ ಹತ್ತಿತು. ಇಂಗ್ಲಿಷಿನಲ್ಲಿ ಬರೆದರೆ ಹಿಂಡಿಯೂ ಹಿಂದಿಯೂ ಒಂದೇ!

ಅವಳು ಬೈದಿದ್ದರೆ ಚಲೋ ಇತ್ತು. ಬೈಯಲಿಲ್ಲ. ಶೇಂಗಾದ ಚೀಲ ಕೆಳಗಿಟ್ಟು, ಅದರ ಪಕ್ಕದಲ್ಲೇ ಕುಳಿತಳು.

"ಮದುವಿ ಆದಾಗಿಂದ ಅತ್ತಿ ಒಮ್ಮೆನೂ ನನ್ನ ಹಿಂಡಿ ಚಲೋ ಆಗೇದ ಅಂದಿದ್ದಿಲ್ರಿ. ಹೋದ ವರ್ಷ ಅಂದ್ರು. ಅವತ್ತಿನ ಅಳತಿ, ಚಮಚಾ ಚಮಚಾ ಬರದಿಟ್ಟಿದ್ದೆ."

ನನಗೆ ನಿಜಕ್ಕೂ ಸಂಕಟವಾಯಿತು. ಭಾನುವಾರ ಮಾಟುಂಗದಲ್ಲಿ ಅವಳು ಖಾಲಿ ಟೇಬಲ್ಲಿನ ಹಿಂದೆ ನಿಂತ ಚಿತ್ರ ಕಣ್ಣಿಗೆ ಕಟ್ಟಿತು. ಉಳಿದದ್ದು ಒಂದೇ ದಾರಿ. ವಿಜಯಪುರದಲ್ಲಿ ತಮ್ಮನ ಮನೆಯಲ್ಲಿರುವ ನನ್ನ ಅವ್ವ ಗಂಗುಬಾಯಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ.

"ಅವ್ವಾ, ಹಿಂಡಿಗೆ ಬೆಳ್ಳೊಳ್ಳಿ ಎಷ್ಟು?"

"ಹಿಡಸೂ ಅಷ್ಟು."

"ಶೇಂಗಾ ಎಷ್ಟೊತ್ತು ಹುರೀಬೇಕು?"

"ಘಮ್ ಅನ್ನೂತನಕ."

"ಖಾರ?"

"ಖಾರಕ್ಕ ನೀ ಇದ್ದೆಲ್ಲೋ! ಸಣ್ಣವ ಇದ್ದಾಗ ಒಂದು ಚಿಟಿಕಿ ನಿನ್ನ ನಾಲಿಗಿ ಮ್ಯಾಲ ಇಡ್ತಿದ್ದೆ. ಕಿವಿ ಕೆಂಪಾದ್ರ ಬರೋಬ್ಬರಿ. ಬಿಕ್ಕಳಿಕಿ ಬಂದ್ರ ಜಾಸ್ತಿ ಆತು, ಮತ್ತ ಶೇಂಗಾ ಹಾಕ್ತಿದ್ದೆ. ನೀ ಮುಂಬೈಗೆ ಹ್ವಾದ ಮ್ಯಾಲ ನನಗೂ ಅಂದಾಜ ತಪ್ಪೇದ. ನೇತ್ರಾಂದ ಈಗ ನನಕಿಂತ ಚಲೋ ಆಗ್ತದ. ಆಕೀನ್ನ ಕೇಳು."

ನೇತ್ರಾ ತಲೆಯೆತ್ತಿದಳು. ಅತ್ತೆಯ ಬಾಯಿಂದ ಎರಡನೆಯ ಸಲ ಆ ಮಾತು! ಸೆರಗಿನಿಂದ ಕಣ್ಣೊರೆಸಿಕೊಂಡಳು, ಎದ್ದಳು, ಒಲೆ ಹಚ್ಚಿದಳು. ಆಮೇಲೆ ನನ್ನ ಕಿವಿಯನ್ನೇ ನೋಡತೊಡಗಿದಳು. ಮದುವೆಯಾದ ಹೊಸದರಲ್ಲೂ ಆಕೆ ನನ್ನನ್ನು ಅಷ್ಟು ಆಸೆಯಿಂದ ನೋಡಿದ ನೆನಪಿಲ್ಲ.

ಮುಂದಿನ ಕಥೆ ನಾಲಿಗೆ ಇದ್ದವರಿಗೇ ಗೊತ್ತು. ಅಡುಗೆಮನೆಯ ಸ್ಟೂಲಿನ ಮೇಲೆ ನನ್ನನ್ನು ಕೂಡಿಸಲಾಯಿತು. ನೇತ್ರಾ ಖಲಬತ್ತಾದಲ್ಲಿ ಕುಟ್ಟಿ ಚಿಟಿಕೆ ಚಿಟಿಕೆ ಬಾಯಿಗೆ ಹಾಕುವುದು, ಸೋನಾಲಿ ಮೊಬೈಲಿನ ಟಾರ್ಚು ಹಿಡಿದು ಕಿವಿ ತಪಾಸಣೆ ಮಾಡುವುದು.

"ಮಮ್ಮಿ, ಅಭೀ ಸಿರ್ಫ್ ಪಿಂಕ್ ಅದ. ರೆಡ್ ಆಗಿಲ್ಲ."

"ಇನ್ನೊಂದೀಟು ಖಾರ ಹಾಕ್ತೀನಿ. ಬಾಯಿ ತಗೀರಿ."

"ನೇತ್ರಾ, ನೀರು..."

"ನೀರು ಕುಡದ್ರ ಲೆಕ್ಕ ತಪ್ತದ್ರಿ. ತಡೀರಿ."

ಶೇಂಗಾಹಿಂಡಿಗೆ ಎರಡೂ ಕಿವಿ ಕೆಂಪಾದವು. ಅಗಸಿಗೆ ಬಿಕ್ಕಳಿಕೆ ಬಂದು ಮತ್ತೆ ಮೊದಲಿನಿಂದ ಮಾಡಬೇಕಾಯಿತು. ಗುರೆಳ್ಳಿನ ಹೊತ್ತಿಗೆ ನಾನು ಯಾವ ಭಾಷೆಯಲ್ಲೂ ಮಾತಾಡುವ ಸ್ಥಿತಿಯಲ್ಲಿರಲಿಲ್ಲ.

ಭಾನುವಾರ ಮಧ್ಯಾಹ್ನದೊಳಗೆ ಟೇಬಲ್ಲು ಖಾಲಿ! ಹಾಗೆ ಖಾಲಿಯಾದ ಟೇಬಲ್ಲಿನ ಹಿಂದೆ ನೇತ್ರಾ ನಿಂತ ಠೀವಿ ನೋಡಬೇಕಿತ್ತು. ಹತ್ತಿರದಲ್ಲೇ ಹೋಟೆಲು ನಡೆಸುವ ಉಡುಪಿಯ ವಿನೋದಿನಿ ಎಂಬವರು ಬೆರಳು ನೆಕ್ಕುತ್ತ ಬಂದು, "ಖಾರ ಎಷ್ಟು ಹದ ಉಂಟು ಮಾರಾಯ್ರೇ! ನಮ್ಮ ಹೋಟೆಲಿಗೆ ತಿಂಗಳು ತಿಂಗಳು ಕೊಡ್ತೀರಾ?" ಎಂದರು.

ನೇತ್ರಾ ಕೂಡಲೇ ಒಪ್ಪಿದಳು. ನನ್ನನ್ನು ಒಂದು ಮಾತು ಕೇಳಲಿಲ್ಲ.

"ಈಗರೆ ಅಳತಿ ಬರದಿಡು," ಎಂದು ಕೈಮುಗಿದೆ. "ಚಮಚಾ ಲೆಕ್ಕದಾಗ. ನಾ ಮುಟ್ಟೂದಿಲ್ಲ."

"ಬ್ಯಾಡ್ರಿ. ಬರದ್ರ ಮತ್ತ ನೀವು ಎಲ್ಲಿಗರೆ ಸಾಗಸ್ತೀರಿ," ಎಂದು ನನ್ನ ಕಿವಿ ಮುಟ್ಟಿ ನಕ್ಕಳು. "ಇಲ್ಲೇ ಇರಲಿ. ಇದನ್ನ ಡಿಲೀಟ್ ಮಾಡಾಕ ಬರೂದಿಲ್ಲ."

ಮರಳುವಾಗ ಲೋಕಲ್ ರೈಲಿನಲ್ಲಿ, ಡಬ್ಬಿಯ ತಳದಲ್ಲಿ ಉಳಿದ ಹಿಂಡಿ ನೆಕ್ಕಿದ್ದಕ್ಕೆ ನನಗೆ ಮತ್ತೆ ಬಿಕ್ಕಳಿಕೆ ಹತ್ತಿತು. ಎದುರಿಗೆ ಕುಳಿತಿದ್ದ ಹಿರಿಯರೊಬ್ಬರು ಗಾಬರಿಯಾಗಿ ನೀರಿನ ಬಾಟಲಿ ಚಾಚಿ, "ಕ್ಯಾ ಹುವಾ ಭಾಯಿಸಾಬ್?" ಎಂದರು.

"ಹಿಂ... ಹಿಂಡಿ..." ಎಂದೆ.

"ಹಿಂದಿ? ಹಾಂ ಹಾಂ, ಹಿಂದಿ ಮೇಂ ಹೀ ಬೋಲಿಯೇ."

ಬಾಟಲಿಯನ್ನು ನಡುದಾರಿಯಲ್ಲೇ ತಡೆದು ನೇತ್ರಾ ಹೇಳಿದಳು:

"ನಹೀ ಬೋಲ್ ಸಕ್ತೇ ಅಂಕಲ್. ಹಿಂದಿ ಇನ್ಹೋನೇ ಡಿಲೀಟ್ ಕರ್ ದೀ."