ಕೊಕ್ಕರೆಯ ಕೊಕ್ಕಿಗೆ ಬಿದ್ದ ಬಳೆ

ನಮ್ಮ ಭಾವನ ಜೊತೆ ಬಂಗಾರಪೇಟೆ ಮಾರ್ಕೆಟ್ಟಿಗೆ ಹೋಗಿ ಮಾನ ಉಳಿಸಿಕೊಂಡು ಬಂದವರು ಯಾರಾದರೂ ಇದ್ದರೆ ಹೇಳಿ, ಹಾರ ಹಾಕುತ್ತೇನೆ!

ಭಾವ ಎಂದರೆ ಅಕ್ಕನ ಗಂಡ. ಬೇತಮಂಗಲದ ಕೆರೆಯ ಪಕ್ಕದ ಹಳ್ಳಿಯಲ್ಲಿ ಹೊಲ, ಹಸು ಇಟ್ಟುಕೊಂಡಿರುವ ಸಂಸಾರಸ್ಥರು. ಕುಡಿಯುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ. ಪ್ಲಾಸ್ಟಿಕ್ ಕವರ್ ಕಂಡರೆ ಮಾತ್ರ ಮೈಮೇಲೆ ದೇವರು ಬಂದಂತೆ ಆಡುತ್ತಾರೆ. ಕುಡಿದಿದ್ದರೇ ವಾಸಿಯಿತ್ತು ಎಂದು ಅಕ್ಕ ನಿಟ್ಟುಸಿರು ಬಿಟ್ಟದ್ದೂ ಉಂಟು!

ಒಮ್ಮೆ ನನ್ನ ಜೊತೆ ಮಾರ್ಕೆಟ್ಟಿಗೆ ಚೀಲ ಮರೆತು ಬಂದಿದ್ದರು. ಟೊಮೆಟೊ ಮಾರುವವಳು ಕವರ್ ಬಿಡಿಸಿದ್ದೇ ತಡ, ಭಾವ ಅಂಗಿ ಬಿಚ್ಚಿ ಹಾಸಿಬಿಟ್ಟರು. “ಇದ್ರಾಗೆ ಆಕಮ್ಮ.” ಟೊಮೆಟೊ ಅಂಗಿಯೊಳಗೆ ಗಂಟಾಯಿತು. ಭಾವ ಬನಿಯನ್ನಿನಲ್ಲಿ ಎದೆಯುಬ್ಬಿಸಿ ಹೊರಟರು. ಪಕ್ಕದ ಆಲೂಗಡ್ಡೆಯವನು ಅವರ ಪಂಚೆಯನ್ನೇ ನೋಡುತ್ತಾ ಕೈ ಮುಗಿದ: “ಸಾಮಿ, ನನ್ ಅತ್ರ ಮಾತ್ರ ಏನೂ ತಗೋಬೇಡಿ!”

ಅದೇ ಅವತಾರದಲ್ಲಿ ಊರಿಗೆ ಹಿಂದಿರುಗಲು ಮಾರಿಕುಪ್ಪಂ ರೈಲು ಹತ್ತಿದೆವು. ಎದುರಿಗೆ ಕೂತ ಮಹಾಶಯ ಚಿಪ್ಸ್ ತಿಂದು ಪೊಟ್ಟಣವನ್ನು ಕಿಟಕಿಯಿಂದಾಚೆ ತೂರಿದ. ಭಾವ ಕಾಲು ಅಲ್ಲಾಡಿಸಿದರು, ಎದ್ದರು, ಕೂತರು, ಮತ್ತೆ ಎದ್ದರು. ರೈಲು ಸಿಗ್ನಲ್ಲಿಗೆ ನಿಂತಿತೋ ಇಲ್ಲವೋ, ಟೊಮೆಟೊ ಗಂಟನ್ನು ನನ್ನ ತೊಡೆಗೆ ಹಾಕಿ “ಈಗ್ ಬತ್ತೀನಿ” ಎಂದು ಇಳಿದೇಬಿಟ್ಟರು! ರೈಲು ಕಾಯುತ್ತದೆಯೇ? ಸಂಜೆ ಮನೆ ಸೇರಿದಾಗ ಅವರ ಎರಡೂ ತೋಳುಗಳ ತುಂಬ ಕಸ.

“ಒಂದ್ ಪೊಟ್ಣಕ್ಕೇಂತ ಓದೆ ಕಣ್ಲಾ, ಅದ್ರ ನೆಂಟ್ರೆಲ್ಲಾ ಸಿಕ್ರು!”

ಕಳೆದ ಬೇಸಿಗೆಯಲ್ಲಿ ನಾನು ಅಕ್ಕನ ಮನೆಗೆ ಹೋದಾಗ ಭಾವ ಸರಿಯಾಗಿ ಮಾತೇ ಆಡಲಿಲ್ಲ. ಒಳಗೆ ಬರುವುದು, ಕೆರೆ ಕಡೆ ಓಡುವುದು. ಒಂದು ಕೊಕ್ಕರೆಯ ಕೊಕ್ಕಿಗೆ ಬಾಟಲಿ ಮುಚ್ಚಳದ ಕೆಳಗಿರುತ್ತದಲ್ಲ, ಆ ಪ್ಲಾಸ್ಟಿಕ್ ಬಳೆ ಸಿಕ್ಕಿಕೊಂಡಿತ್ತಂತೆ. ಮೀನು ಕಾಲ ಬಳಿಯೇ ಬಂದರೂ ಬಾಯಿ ತೆರೆಯಲಾಗದೆ ನಿಲ್ಲುತ್ತಿತ್ತಂತೆ.

ಅಕ್ಕ ತಟ್ಟೆ ಇಟ್ಟರೆ ಭಾವ ಅದನ್ನು ಸರಿಸಿದರು. “ಅದು ಅಸ್ಕೊಂಡೈತೆ. ನಾನೆಂಗೆ ತಿನ್ಲಿ?”

“ಯಾಕೆ, ನಿಮ್ಮಮ್ಮನ ಕಡೇದಾ ಅದು?” ಎಂದಳು ಅಕ್ಕ.

ನನ್ನನ್ನೂ ಎಳೆದುಕೊಂಡು ಹೋದರು. ನಾವು ಈ ದಡಕ್ಕೆ ಬಂದರೆ ಅದು ಆ ದಡಕ್ಕೆ! ಭಾವ ಕೆಸರಿನಲ್ಲಿ ಬಿದ್ದರು, ನಾನು ಅವರ ಮೇಲೆ ಬಿದ್ದೆ. ಹಕ್ಕಿ ನಗಲಿಲ್ಲ, ಅದೊಂದೇ ಸಮಾಧಾನ. ಮರುದಿನ ಅದು ಹಾರಲೇ ಇಲ್ಲ. ಜೊಂಡಿನ ನಡುವೆ ಕುಸಿದು ಕೂತಿತ್ತು.

ಭಾವ ಟವೆಲ್ ಹೊದಿಸಿದರು. ನಾನು ರೆಕ್ಕೆ ಹಿಡಿದೆ. ಅಂಗೈಗೆ ಅದರ ಎದೆ ಡವಗುಟ್ಟುವುದು ತಿಳಿಯುತ್ತಿತ್ತು. ಅವರು ಬ್ಲೇಡಿನಿಂದ ಮೆಲ್ಲಗೆ ಬಳೆ ಕೊಯ್ದರು. ಬಿಡುಗಡೆಯಾದ ಕೊಕ್ಕು ಮೊದಲು ಚುಚ್ಚಿದ್ದು ಅವರ ಕೈಯನ್ನೇ! ರಕ್ತ ಸುರಿಯುತ್ತಿದ್ದರೂ ಭಾವ ಬಲೆ ಹಾಕುವವರಿಂದ ಬೇಡಿ ತಂದಿದ್ದ ಮೀನು ಮುಂದಿಟ್ಟರು. “ತಿನ್ನು ತಾಯಿ, ಮೆತ್ತಗೆ ತಿನ್ನು.”

ಕೊಕ್ಕರೆ ಮೀನನ್ನು ನೋಡಿತು. ನಮ್ಮನ್ನು ನೋಡಿತು. ಕೊನೆಗೆ ಗುಳುಂ!

ಅಷ್ಟರಲ್ಲಿ ಬೈಯಲೆಂದೇ ಬುತ್ತಿ ಹಿಡಿದು ಬಂದ ಅಕ್ಕ ಕೆರೆ ಏರಿಯ ಮೇಲೆ ನಿಂತಿದ್ದಳು. ಭಾವನ ಕೈಯ ರಕ್ತ ಕಂಡಳು. ಇಳಿದು ಬಂದು ಸೆರಗು ಹರಿದು ಗಾಯಕ್ಕೆ ಕಟ್ಟಿದಳು. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ತಮ್ಮನಾದ ನನ್ನ ಎದುರೇ ಗಂಡನ ಬಾಯಿಯ ಹತ್ತಿರ ಹಿಡಿದಳು.

“ಬಾಯ್ ತೆಗೀರಿ.”

ಭಾವ ಬಾಯಿ ತೆರೆದರು.